ಹೃದಯದ ಕವಾಟದ ರಿಪೇರಿ: ಗಾಯದ ಅಳತೆ ಆಮೇಲೆ ಕೇಳಿ

ನನ್ನ ತಮ್ಮ ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವನು. ಚಿಕ್ಕಂದಿನಲ್ಲಿ ಕುಂದಾಪುರದಲ್ಲಿದ್ದಾಗ ಅವನಿಗೆ ಗಂಟಲು ನೋವು ಬಂದು, ಹಿಂದೆಯೇ ಮಂಡಿ, ಮಣಿಕಟ್ಟು ಬಾತದ್ದನ್ನು ನಾವೆಲ್ಲ ಮರೆತಿದ್ದೆವು. 34ನೇ ವಯಸ್ಸಿನಲ್ಲಿ ರೈಲ್ವೆ ಸೇತುವೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕುಳಿತುಬಿಟ್ಟ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ, ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು, ಜೋರಾಗಿ ಸೋರುತ್ತಲೂ ಇತ್ತು. ಆ ಹಳೆಯ ಗಂಟಲು ನೋವಿನ ಹಿಂದೆ ಬಂದದ್ದು ರುಮ್ಯಾಟಿಕ್ ಜ್ವರ, ಕವಾಟ ಕೆಡಿಸಿದ್ದೂ ಅದೇ.

ಮೊಬೈಲಿನಲ್ಲಿ ವಿಡಿಯೊ ನೋಡಿ, "ಅಕ್ಕಾ, ಸಣ್ಣ ಗಾಯದ ಆಪರೇಷನ್ನೇ ಇರಲಿ" ಎಂದು ಹಟ ಹಿಡಿದ.

ನಿಮ್ಮ ಮನೆಯಲ್ಲೂ ಈ ಮಾತು ಬಂದರೆ, ಮೊದಲು ಎಕೋ ವರದಿ ಹಿಡಿದುಕೊಂಡು ವೈದ್ಯರ ಮುಂದೆ ಕುಳಿತುಕೊಳ್ಳಿ. ಕವಾಟ ಬರೀ ಕಿರಿದಾಗಿದ್ದು, ದಳಗಳು ಇನ್ನೂ ಮೆತ್ತಗಿದ್ದು, ಒಳಗೆ ರಕ್ತ ಹೆಪ್ಪುಗಟ್ಟಿರದಿದ್ದರೆ ತೊಡೆಸಂದಿನ ರಕ್ತನಾಳದಿಂದ ಬಲೂನ್ ಕಳಿಸಿ ಅಗಲಿಸಬಹುದೇ ಎಂದು ಕೇಳಿ. ಸೋರಿಕೆ ಹೆಚ್ಚಿದ್ದರೆ ಆ ದಾರಿಯಿಲ್ಲ. ನಮಗೂ ಇರಲಿಲ್ಲ.

ಆಮೇಲೆ ಕೇಳಬೇಕಾದದ್ದು ರಿಪೇರಿಯೋ, ಬದಲಾವಣೆಯೋ ಎಂದು. ರುಮ್ಯಾಟಿಕ್ ಕವಾಟದ ದಳಗಳು ಅಂಚಿನಲ್ಲಿ ಅಂಟಿಕೊಂಡಿರುತ್ತವೆ, ಕೆಳಗಿನ ತಂತುಗಳು ದಪ್ಪಗಾಗಿ ಮೊಟಕಾಗಿರುತ್ತವೆ. ಅದನ್ನು ಬಿಡಿಸಿ ಸರಿಪಡಿಸುವುದು ಎಲ್ಲರ ಕೈಗೂ ಹತ್ತುವ ಕೆಲಸವಲ್ಲ. ಬದಲಿಗೆ ಲೋಹದ ಕವಾಟ ಕೂರಿಸಿದರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ, ಅದರ ಪ್ರಮಾಣ ಸರಿಯಿದೆಯೇ ಎಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆ. "ಇಂಥ ಕವಾಟಗಳನ್ನು ನೀವು ಎಷ್ಟು ರಿಪೇರಿ ಮಾಡಿದ್ದೀರಿ? ಪಕ್ಕೆಯ ಸಣ್ಣ ಗಾಯದಿಂದ ಎಷ್ಟು?" ಎಂದು ಸಂಕೋಚಪಡದೆ ಕೇಳಿ. ನಮ್ಮ ಸರ್ಜನ್ ಸಿಟ್ಟಾಗಲಿಲ್ಲ, ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು.

ಬಲಪಕ್ಕೆಯ ಎಲುಬುಗಳ ನಡುವೆ ಐದಾರು ಸೆಂಟಿಮೀಟರ್ ಕೊಯ್ದು, ಉದ್ದನೆಯ ಉಪಕರಣಗಳಿಂದ ಮಾಡುವುದು ಒಂದು ಬಗೆ. ಎದೆಮೂಳೆಯನ್ನು ಉದ್ದಕ್ಕೆ ಸೀಳಿ ಮಾಡುವುದು ಇನ್ನೊಂದು. ಸಾಮಾನ್ಯವಾಗಿ ಎರಡರಲ್ಲೂ ಹೃದಯ ನಿಲ್ಲಿಸುತ್ತಾರೆ, ಯಂತ್ರವೇ ರಕ್ತ ತಿರುಗಿಸುತ್ತದೆ. ಗಾಯ ಸಣ್ಣದಾದ ಮಾತ್ರಕ್ಕೆ ಆಪರೇಷನ್ ಸಣ್ಣದಲ್ಲ. ಮೊದಲನೆಯದರಲ್ಲಿ ಬೇಗ ಚೇತರಿಸಿಕೊಳ್ಳುತ್ತಾರೆ, ಆದರೆ ಯಂತ್ರದ ಮೇಲಿರುವ ಹೊತ್ತು ಹೆಚ್ಚು. ತಮ್ಮನಿಗೆ ಹಿಂದೊಮ್ಮೆ ಟಿಬಿಯಾಗಿ ಬಲ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿತ್ತು. ಆ ಕಡೆಯಿಂದ ಒಳಹೋಗುವುದು ಅಪಾಯ ಎಂದು ಎದೆಮೂಳೆ ಸೀಳಿಯೇ ಮಾಡಿದರು. ಹಳೆಯ ಕಾಯಿಲೆಗಳನ್ನು ಮುಚ್ಚಿಡಬೇಡಿ ಎನ್ನುವುದು ಇದಕ್ಕೇ.

ಆಪರೇಷನ್ನಿಗೆ ಮೊದಲು ಹಲ್ಲಿನ ವೈದ್ಯರನ್ನು ಕಂಡು ಬನ್ನಿ. ಹುಳುಕು ಹಲ್ಲಿನ ಸೋಂಕು ಕವಾಟಕ್ಕೆ ಹತ್ತಬಹುದು.

ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಒಂದು ಗಟ್ಟಿ ದಿಂಬು ಕೊಂಡಿಡಿ: ಕೆಮ್ಮು ಬಂದಾಗಲೆಲ್ಲ ಅದನ್ನು ಎದೆಗೆ ಅವುಚಿಕೊಂಡೇ ಕೆಮ್ಮಬೇಕು. ಏಳುವಾಗ ಕೈ ಊರದೆ, ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ ಏಳಬೇಕು. ಇಡ್ಲಿ ಪಾತ್ರೆ ಎತ್ತುವವನಿಗೆ ಇದನ್ನು ಕಲಿಸುವಷ್ಟರಲ್ಲಿ ನನಗೇ ಸಾಕಾಯಿತು! ಲೋಕಲ್ ರೈಲಿನ ನೂಕುನುಗ್ಗಲಂತೂ ಬೇಡವೇ ಬೇಡ.

ಕವಾಟ ಸರಿಯಾಯಿತೆಂದು, ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಹಾಕಿಸುವ ಪೆನಿಸಿಲಿನ್ ಸೂಜಿ ಬಿಡುವಂತಿಲ್ಲ. ಡೊಂಬಿವಲಿಯ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ 21 ದಿನಕ್ಕೊಂದು ಕೆಂಪು ಸುತ್ತು ಹಾಕಿದ್ದೇನೆ. ಅಂದು ಅವನು ಸೂಜಿ ಹಾಕಿಸಿಕೊಂಡು ಬಂದು, ಒಂದು ಬದಿಗೆ ವಾಲಿಕೊಂಡೇ ಊಟಕ್ಕೆ ಕೂರುತ್ತಾನೆ.