ಬ್ಯಾಂಡುಗಳು ಬದಲಾದರೂ ಬೇಸ್ ಬಾಳಿಕೆ ಬರಲು

ಊರಿನ ಬ್ಯಾಂಡುಗಳ ಆಯುಷ್ಯ ಚಿಕ್ಕದು. ಗಾಯಕಿಗೆ ಬೇರೆ ಊರಲ್ಲಿ ಕೆಲಸ ಸಿಗುತ್ತದೆ, ಡ್ರಮ್ಮರ್‌ಗೆ ಮಗು ಹುಟ್ಟುತ್ತದೆ, ಬ್ಯಾಂಡ್ ಅಲ್ಲಿಗೆ ಮುಗಿಯಿತು. ಬೇಸ್, ಅಂದರೆ ತಗ್ಗಿನ ಸ್ವರಗಳ ದಪ್ಪ ತಂತಿಯ ಗಿಟಾರ್, ನುಡಿಸುವವರ ಕೊರತೆ ಎಲ್ಲ ಕಡೆಯೂ ಇರುವುದರಿಂದ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ದಾಟುತ್ತಾ ಮೂವತ್ತು ವರ್ಷ ನುಡಿಸುವುದು ಕಷ್ಟವಲ್ಲ. ಅಷ್ಟು ಕಾಲ ವಾದ್ಯ, ಕೈ, ಕಿವಿ ಮೂರೂ ಕೆಡದೆ ಉಳಿಯಬೇಕು, ಅಷ್ಟೆ.

ನಾಲ್ಕು ತಂತಿಯ, 34 ಇಂಚು ಸ್ಕೇಲಿನ (ನುಡಿಯುವ ತಂತಿಯ ಉದ್ದ) ಒಂದು ಬೇಸ್ ಸಾಕು. 45-65-85-105 ಅಳತೆಯ (ಇಂಚಿನ ಸಾವಿರದ ಅಂಶಗಳಲ್ಲಿ ದಪ್ಪ) ತಂತಿಗಳು ಬಹುತೇಕ ಎಲ್ಲ ಬಗೆಯ ಹಾಡಿಗೂ ಹೊಂದುತ್ತವೆ. ತಂತಿಯ ದಪ್ಪ ಬದಲಿಸಿದರೆ ಎಳೆತ ಬದಲಾಗಿ ನೆಕ್‌ನ (ವಾದ್ಯದ ಉದ್ದ ಹಿಡಿಯ) ಬಾಗು ಬೇರೆಯಾಗುತ್ತದೆ. ಸೆಟಪ್, ಅಂದರೆ ವಾದ್ಯದ ಹೊಂದಾಣಿಕೆ, ಮತ್ತೆ ಮೊದಲಿನಿಂದ ಮಾಡಬೇಕು. ಸೆಟಪ್ಪಿನ ಕ್ರಮವನ್ನಂತೂ ತಪ್ಪಿಸಬೇಡಿ: ಮೊದಲು ಶ್ರುತಿ, ಆಮೇಲೆ ನೆಕ್, ಆಮೇಲೆ ತಂತಿಯ ಎತ್ತರ, ಕೊನೆಗೆ ಇಂಟೊನೇಶನ್ (ನೆಕ್ ಮೇಲೆ ಎಲ್ಲಿ ಒತ್ತಿದರೂ ಸ್ವರ ಸರಿಯಾಗಿ ಬರುವಂತೆ ಮಾಡುವುದು). ಹಿಂದಿನದನ್ನು ಮುಟ್ಟಿದರೆ ಮುಂದಿನದೆಲ್ಲ ಕದಲುತ್ತದೆ.

ದಪ್ಪ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ), ನೆಕ್ ಬಾಡಿಗೆ ಸೇರುವ ಕಡೆಯೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್‌ನ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಹೆಚ್ಚಿದ್ದರೆ ನೆಕ್ ಒಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ ನೋಡಿ. ಸಂದೇ ಇಲ್ಲದಿದ್ದರೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ಜರ್ ಎನ್ನುತ್ತದೆ. ಆಗ ರಾಡನ್ನು ಸಡಿಲಿಸಿ. ರಾಡ್ ತಿರುಗಿಸುವ ಕೀ ಅಳತೆಗೆ ಸರಿಯಾಗಿ ಕೂರದಿದ್ದರೆ ರಾಡಿನ ನಟ್‌ನ ಮೂಲೆಗಳು ಸವೆದುಹೋಗುತ್ತವೆ. ರಾಡ್ ತಿರುಗದೆ ಹಟ ಹಿಡಿದರೆ ನೀವೂ ಹಟ ಹಿಡಿಯಬೇಡಿ, ರಿಪೇರಿಯವರಿಗೆ ಕೊಡಿ.

ತಂತಿಯ ಎತ್ತರ ಹನ್ನೆರಡನೇ ಫ್ರೆಟ್‌ನಲ್ಲಿ ಜಿ ತಂತಿಗೆ 2, ಇ ತಂತಿಗೆ 2.5 ಮಿ.ಮೀ. ಇರಲಿ. ಬಲವಾಗಿ ಮೀಟುವವರು ಇನ್ನೂ ಸ್ವಲ್ಪ ಎತ್ತರಿಸಿಕೊಳ್ಳಬೇಕು. ಇಂಟೊನೇಶನ್‌ಗೆ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ: ಒತ್ತಿದ್ದು ಏರಿದ್ದರೆ ಬಾಡಿಯ ಕಡೆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಹಳೆಯ ತಂತಿಯಲ್ಲಿ ಈ ಕೆಲಸ ದಂಡ.

ಹೊಸ ಬ್ಯಾಂಡಿಗೆ ಸೇರಿದಾಗ ಹಾಡನ್ನು ಕೇಳಿ ಬೆರಳಾಡಿಸುವ ಮೊದಲು ಕಾಗದ ತೆಗೆದುಕೊಳ್ಳಿ. ಪಲ್ಲವಿ ಎಷ್ಟು ಬಾರ್ (ತಾಳದ ಒಂದು ಸುತ್ತು), ಚರಣ ಎಷ್ಟು, ಎಲ್ಲಿ ನಿಲುಗಡೆ ಎಂದು ಬರೆದುಕೊಳ್ಳಿ. ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹೆಸರಿನ ಬದಲು 1, 4, 5 ಎಂದು ಅಂಕಿಯಲ್ಲಿ ಗುರುತಿಸಿ, ಶ್ರುತಿ ಬದಲಾದರೂ ಅಂಕಿ ಬದಲಾಗದು. ಗಂಟಲು ಸರಿಯಿಲ್ಲ, ಶ್ರುತಿ ಇಳಿಸಿ ಎಂದು ಗಾಯಕರು ಹೇಳುವುದು ವೇದಿಕೆ ಹತ್ತುವ ಹತ್ತು ನಿಮಿಷದ ಮೊದಲು. ಮೊದಲ ಅಭ್ಯಾಸದಲ್ಲಿ ಕಾರ್ಡ್‌ನ ಮೂಲ ಸ್ವರ (ರೂಟ್) ಮಾತ್ರ ಸಾಕು, ಆದರೆ ಅದು ಎಲ್ಲಿ ಮುಗಿಯಬೇಕೆಂಬುದು ಗೊತ್ತಿರಬೇಕು. ಡ್ರಮ್ಸ್‌ನ ಸ್ನೇರ್ ಮೇಲೆ ಪೆಟ್ಟು ಬಿದ್ದ ಕ್ಷಣಕ್ಕೆ ಸ್ವರವನ್ನು ಕತ್ತರಿಸಿ ನೋಡಿ, ಇಡೀ ಬ್ಯಾಂಡ್ ಬಿಗಿಯಾಗಿ ಕೇಳುತ್ತದೆ. ಮನೆಯಲ್ಲಿ ಲಯದ ಟಿಕ್ ಹೊಡೆಯುವ ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕಿಟ್ಟು ಆ ಟಿಕ್ಕನ್ನು ಎರಡನೇ ಮತ್ತು ನಾಲ್ಕನೇ ಎಣಿಕೆಯೆಂದು ಭಾವಿಸಿ ಅಭ್ಯಾಸ ಮಾಡಿ. ನುಡಿಸದ ತಂತಿಗಳನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ಸುಮ್ಮನಿರಿಸಿ.

ಆಂಪಿನಲ್ಲಿ (ಆಂಪ್ಲಿಫೈಯರ್) ಎಲ್ಲರೂ ಮಾಡುವ ತಪ್ಪು ಒಂದೇ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ (ನಡುವಿನ ನಾದ) ಇಳಿಸಿ, ಬಾಸ್ (ತಗ್ಗಿನ ನಾದ) ಮತ್ತು ಟ್ರೆಬಲ್ (ಎತ್ತರದ ನಾದ) ಏರಿಸಿದರೆ ಇಂಪಾಗಿರುತ್ತದೆ. ಡ್ರಮ್ಸ್, ಗಿಟಾರ್ ಸೇರಿದ ಕೂಡಲೇ ಆ ನಾದ ಮಾಯ. ಖಾಲಿ ಇ ತಂತಿಯ ಕಂಪನ 41 ಹರ್ಟ್ಸ್. ಸಣ್ಣ ಸ್ಪೀಕರುಗಳಿಂದ ಅದು ಸರಿಯಾಗಿ ಹೊರಡುವುದಿಲ್ಲ, ಕಿವಿ ಅದನ್ನು ಅದರೊಂದಿಗೆ ಹುಟ್ಟುವ ಎತ್ತರದ ಕಂಪನಗಳಾದ ಮೇಲಿನ ಹಾರ್ಮೋನಿಕ್‌ಗಳಿಂದಲೇ ಗುರುತು ಹಿಡಿಯುವುದು. ಹಾಗಾಗಿ ವಾಲ್ಯೂಮ್ ಮುಟ್ಟುವ ಮೊದಲು 500ರಿಂದ 800 ಹರ್ಟ್ಸ್ ಏರಿಸಿ. ಕೋಣೆ ಗುಂಯ್‌ಗುಟ್ಟಿದರೆ 200ರ ಆಸುಪಾಸು ತಗ್ಗಿಸಿ. ನೆಲದ ಮೇಲಿಟ್ಟ ಆಂಪ್ ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗಲ್ಲ. ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ.

8 ಓಮ್‌ನ (ವಿದ್ಯುತ್ ತಡೆಯ ಅಳತೆ) ಎರಡು ಸ್ಪೀಕರ್ ಕ್ಯಾಬಿನೆಟ್‌ಗಳನ್ನು ಪ್ಯಾರಲಲ್ ಜೋಡಿಸಿದರೆ 4 ಓಮ್. ಆಂಪ್ ಅದಕ್ಕಿಂತ ಕಡಿಮೆ ತಾಳದಿದ್ದರೆ ಮೂರನೆಯದು ಬೇಡ. ವಾಲ್ವ್ (ಗಾಜಿನ ಟ್ಯೂಬ್) ಆಂಪನ್ನು ಸ್ಪೀಕರ್ ಇಲ್ಲದೆ ಚಾಲೂ ಮಾಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಚೀಲದಲ್ಲಿ ಎರಡು ಕೇಬಲ್, ಒಂದು ಸೆಟ್ ತಂತಿ, ಆಂಪಿನ ಅಳತೆಯ ಫ್ಯೂಸ್, ಅಲೆನ್ ಕೀ, ಟಾರ್ಚ್ ಸದಾ ಇರಲಿ. ಒಳಗೇ ವಿದ್ಯುತ್ ಸರ್ಕ್ಯೂಟ್ ಇರುವ ಆ್ಯಕ್ಟಿವ್ ಬೇಸ್ ಆದರೆ 9 ವೋಲ್ಟ್ ಬ್ಯಾಟರಿಯೂ ಬೇಕು. ಜ್ಯಾಕ್ ಚುಚ್ಚಿದ್ದಷ್ಟು ಹೊತ್ತೂ ಅದು ಕರಗುತ್ತಿರುತ್ತದೆ, ನುಡಿಸಿ ಮುಗಿದ ಕೂಡಲೇ ಕಿತ್ತುಬಿಡಿ.

ನಾಲ್ಕು ಕಿಲೋ ತೂಕ ಹೊರುವ ಹೆಗಲಿಗೆ ಮೂರು ಇಂಚು ಅಗಲದ ಸ್ಟ್ರ್ಯಾಪ್ ಹಾಕಿ. ಕೂತಾಗ ವಾದ್ಯ ಇರುವ ಎತ್ತರದಲ್ಲೇ ನಿಂತಾಗಲೂ ಇರಲಿ. ಕೆಳಗೆ ಜೋತುಬಿದ್ದರೆ ಎಡಗೈ ಮಣಿಕಟ್ಟು ಮಡಚಿಕೊಂಡು ಬೆರಳು ಜೋಮು ಹಿಡಿಯುತ್ತದೆ.

85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಎಂಬುದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಯಾಶ್ (NIOSH) ಸಂಸ್ಥೆ ಶಿಫಾರಸು ಮಾಡಿದ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100ಕ್ಕೆ ಹದಿನೈದೇ ನಿಮಿಷ, ಮೂರ್ನಾಲ್ಕು ಹಾಡು ಮುಗಿಯುವಷ್ಟರಲ್ಲಿ ತೀರಿಹೋಗಬಹುದು. ಫೋಮ್ ಇಯರ್‌ಪ್ಲಗ್ ಟ್ರೆಬಲನ್ನೇ ಹೆಚ್ಚು ನುಂಗುವುದರಿಂದ ಆಂಪಿನ ಗುಬುಟು ತಿರುಗಿಸುವ ಆಸೆಯಾಗುತ್ತದೆ. ಸಂಗೀತದವರಿಗೆಂದೇ ಮಾಡಿದ ಪ್ಲಗ್ ಕೊಳ್ಳಿ, ಮತ್ತು ಕ್ರ್ಯಾಶ್ ಸಿಂಬಲ್ ಕಿವಿಯ ಮಟ್ಟಕ್ಕೆ ಬರುವ ಜಾಗದಲ್ಲಿ ನಿಲ್ಲಬೇಡಿ.