ಮಗುವಿನ ನ್ಯುಮೋನಿಯಾ: ಚಿಕಿತ್ಸೆಯ ಖರ್ಚನ್ನು ಹಿಡಿತದಲ್ಲಿಡುವ ಬಗೆ

ಮಗುವಿಗೆ ನ್ಯುಮೋನಿಯಾ ಆದಾಗ ಮನೆಯವರು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲನ್ನಷ್ಟೇ ಖರ್ಚೆಂದು ಎಣಿಸುತ್ತಾರೆ. ಓಡಾಟ, ಹೊರಗಿನ ಊಟ, ಜೊತೆಗೆ ಉಳಿದವರು ಕಳೆದುಕೊಂಡ ಕೂಲಿ ಇವು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಮೊದಲ ದಿನವೇ ಒಂದು ಪುಸ್ತಕದಲ್ಲಿ ಚಿಕಿತ್ಸೆ, ಓಡಾಟ ಮತ್ತು ಊಟ, ತಪ್ಪಿದ ದುಡಿಮೆ ಎಂದು ಮೂರು ಭಾಗ ಮಾಡಿ, ಆಯಾ ದಿನದ ಮೊತ್ತವನ್ನು ಅಂದೇ ಬರೆದಿಡಿ. ಮೂರನೆಯ ಭಾಗವನ್ನು ಖಾಲಿ ಬಿಟ್ಟರೆ ಎಷ್ಟು ಸಾಲ ಬೇಕಾದೀತು ಎಂಬ ಅಂದಾಜೇ ತಪ್ಪುತ್ತದೆ.

ಖರ್ಚನ್ನು ಎಲ್ಲಕ್ಕಿಂತ ಹೆಚ್ಚಾಗಿ ಏರಿಸುವುದು ತಡ. ಬೇಗ ಗುರುತಿಸಿದರೆ ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ನಲ್ಲಿಯೇ ಗುಣವಾಗಬಹುದಾದ ಕಾಯಿಲೆ, ತಡವಾದರೆ ಆಮ್ಲಜನಕ ಮತ್ತು ಚುಚ್ಚುಮದ್ದಿನವರೆಗೆ ಹೋಗುತ್ತದೆ. ಕೆಮ್ಮಿರುವ ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, 2ರಿಂದ 11 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಿದ್ದರೆ, ಇಲ್ಲವೇ ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಅಂದೇ ವೈದ್ಯರಿಗೆ ತೋರಿಸಬೇಕು. ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ ಅಥವಾ 2 ತಿಂಗಳೊಳಗಿನ ಕೂಸಾಗಿದ್ದರೆ, ಹಣದ ಲೆಕ್ಕವನ್ನು ಬದಿಗಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ.

ಇಂಥ ಅಪಾಯದ ಲಕ್ಷಣಗಳಿಲ್ಲದ, 2 ತಿಂಗಳು ದಾಟಿದ ಅನೇಕ ಮಕ್ಕಳಿಗೆ ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ದಾಖಲಿಸುವುದು ಅಗತ್ಯವೇ, ಎಕ್ಸ್-ರೇ ಫಲಿತಾಂಶದಿಂದ ಔಷಧ ಬದಲಾಗುತ್ತದೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಕೆಮ್ಮಿನ ಸಿರಪ್ಪಿಗೆ ಹಾಕುವ ಹಣ ನನ್ನ ದೃಷ್ಟಿಯಲ್ಲಿ ಬಹುಪಾಲು ವ್ಯರ್ಥ. ಅದು ನ್ಯುಮೋನಿಯಾವನ್ನು ಗುಣಪಡಿಸುವುದಿಲ್ಲ. ಆದರೆ ಜ್ವರ ಇಳಿಯಿತೆಂದು ಆ್ಯಂಟಿಬಯೋಟಿಕ್ಕನ್ನು ನಡುವೆ ನಿಲ್ಲಿಸುವುದು ಉಳಿತಾಯವಲ್ಲ, ಎರಡನೆಯ ಬಿಲ್ಲಿಗೆ ದಾರಿ.

ದಾಖಲಿಸಲೇಬೇಕಾದರೆ ಹಾಸಿಗೆ ಮತ್ತು ಆಮ್ಲಜನಕಕ್ಕೆ ದಿನಕ್ಕೆಷ್ಟು, ಯಾವ ಔಷಧಗಳನ್ನು ಹೊರಗಿನಿಂದ ತರಬೇಕು ಎಂಬುದನ್ನು ಆರಂಭದಲ್ಲಿಯೇ ವಿಚಾರಿಸಿ. ಮಗು ಚೆನ್ನಾಗಿ ಕುಡಿಯತೊಡಗಿದ ಮೇಲೆ ಚುಚ್ಚುಮದ್ದಿನ ಬದಲು ಬಾಯಿಯ ಔಷಧ ಕೊಡಬಹುದೇ ಎಂದು ಪ್ರತಿದಿನದ ಭೇಟಿಯಲ್ಲಿ ಕೇಳಿ; ಬಿಡುಗಡೆಯ ದಿನವನ್ನು ಅನೇಕ ವೇಳೆ ಅದೇ ನಿರ್ಧರಿಸುತ್ತದೆ. ವಿಮೆ ಅಥವಾ ನೆರವಿನ ಯೋಜನೆ ಇದ್ದರೆ ದಾಖಲಾಗುವಾಗಲೇ ತಿಳಿಸಿ, ಮೂಲ ರಸೀದಿಗಳನ್ನೂ ಔಷಧ ಚೀಟಿಗಳನ್ನೂ ಒಂದೇ ಲಕೋಟೆಯಲ್ಲಿಡಿ. ಮನೆಗೆ ಹೊರಡುವ ಮೊದಲು ಬಿಡುಗಡೆ ಪತ್ರ ಮತ್ತು ಮರುಭೇಟಿಯ ದಿನಾಂಕದ ಜೊತೆಗೆ, ನ್ಯುಮೋನಿಯಾ ತಡೆಯಲು ನೆರವಾಗುವ ನ್ಯುಮೊಕಾಕಲ್ ಹಾಗೂ ಹಿಬ್ ಲಸಿಕೆಗಳಲ್ಲಿ ಯಾವ ಡೋಸ್ ಬಾಕಿ ಇದೆ ಎಂಬುದನ್ನೂ ಬರೆಸಿಕೊಳ್ಳಿ.