ಗೋಡೆಯ ಮೇಲಿದ್ದ ಹತ್ತು ಸಂಖ್ಯೆಗಳು: ನನ್ನ ಮೊದಲ ಆಲ್ಬಂನ ಅನುಭವ

ನನ್ನ ಮೊದಲ ಆಲ್ಬಂನಲ್ಲಿ ಹತ್ತು ಹಾಡುಗಳಿವೆ. ಒಟ್ಟು 41 ನಿಮಿಷ. ಆ ಹತ್ತನ್ನು ಬರೆಯಲು ಆರು ವರ್ಷ ಹಿಡಿಯಿತು. ಸ್ಟುಡಿಯೋದಲ್ಲಿ ಹಾಡಿ ಮುಗಿಸಿದ್ದು ಒಂಬತ್ತೇ ದಿನದಲ್ಲಿ. ಬಿಡುಗಡೆಯಾದ ಮೂರನೇ ವಾರ ಒಬ್ಬ ವಿಮರ್ಶಕರು ಅದರ ಬಗ್ಗೆ ಬರೆದರು. ಹಾಡುಗಳು ಒಂದೊಂದಾಗಿ ಚೆನ್ನಾಗಿವೆ, ಆದರೆ ಐದನೆಯದಕ್ಕೆ ಬರುವ ಹೊತ್ತಿಗೆ ಎರಡನೆಯದು ಹೇಗಿತ್ತು ಅನ್ನೋದೇ ನೆನಪಾಗುವುದಿಲ್ಲ ಎಂದಿದ್ದರು. ಆ ಮಾತು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಯಾಕೆಂದರೆ ಅದು ನಿಜವಾಗಿತ್ತು. ಅದು ಯಾಕೆ ನಿಜ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಂತ ಹಾಡು ಬರೆದುಕೊಂಡು ಮೊದಲ ಸಲ ಸ್ಟುಡಿಯೋಗೆ ಹೊರಟವರಿಗೆ ಇದರಿಂದ ಸ್ವಲ್ಪವಾದರೂ ಉಪಯೋಗವಾಗಲಿ.

ಮೊದಲ ದಿನದಿಂದ ಶುರು ಮಾಡುತ್ತೇನೆ. ಸ್ಟುಡಿಯೋದಲ್ಲಿ ಎಲ್ಲಕ್ಕಿಂತ ಮುಂಚೆ ಸ್ಕ್ರ್ಯಾಚ್ ಟ್ರ್ಯಾಕ್ ಹಾಡಿಸಿದರು. ಅಂದರೆ ಗಿಟಾರ್ ನುಡಿಸುತ್ತಾ ಇಡೀ ಹಾಡನ್ನು ಒಮ್ಮೆ ಹಾಡಿಬಿಡುವುದು. ಡ್ರಮ್ಸ್, ಬೇಸ್ ಎಲ್ಲ ಅದನ್ನು ಕೇಳಿಸಿಕೊಂಡು ಆಮೇಲೆ ನುಡಿಸುತ್ತಾರೆ. ಕೊನೆಗೆ ಅದನ್ನು ತೆಗೆದುಹಾಕಿ ಹೊಸದಾಗಿ ಹಾಡುತ್ತೇವೆ. ಇದನ್ನು ಹಾಡುವಾಗ ಹೆಡ್‌ಫೋನ್‌ನಲ್ಲಿ ಕ್ಲಿಕ್ ಬರುತ್ತಿರುತ್ತದೆ. ಟಕ್ ಟಕ್ ಅಂತ ನಿಮಿಷಕ್ಕೆ ಇಷ್ಟು ಸಲ. ಇಂಜಿನಿಯರ್ ಪ್ರತಿ ಹಾಡನ್ನೂ ನನ್ನಿಂದ ಎರಡು ಸಾಲು ಹಾಡಿಸಿ, ವೇಗ ಅಳೆದು, ಒಂದು ಬಿಳಿ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. 74, 76, 72, 76, 78, 74, 72, 104, 76, 74. ಒಂಬತ್ತು ದಿನವೂ ಆ ಹಾಳೆ ನನ್ನ ಕಣ್ಣೆದುರೇ ಇತ್ತು. ನಾನು ನೋಡಿದ್ದೇನೆ, ಓದಿದ್ದೇನೆ. ಅದು ಏನು ಹೇಳುತ್ತಿದೆ ಅನ್ನೋದು ಮಾತ್ರ ಹೊಳೆಯಲಿಲ್ಲ.

ಆಗ ನನ್ನ ಗಮನವೆಲ್ಲ ದನಿಯ ಮೇಲಿತ್ತು. ಮನೆಯಲ್ಲಿ ಹಾಡಿದಂತೆ ಅಲ್ಲಿ ಹಾಡಲು ಆಗುತ್ತಿರಲಿಲ್ಲ. ಎರಡೂ ಕಿವಿ ಮುಚ್ಚಿದಾಗ ನಮ್ಮ ದನಿ ನಮಗೇ ಬೇರೆ ಥರ ಕೇಳಿಸುತ್ತದೆ. ತಲೆಯ ಮೂಳೆಯ ಮೂಲಕ ಬರುವ ದನಿ ಜಾಸ್ತಿಯಾಗಿ, ಗಾಳಿಯಲ್ಲಿ ಬರುವುದು ಕಡಿಮೆಯಾಗುತ್ತದೆ. ಮೊದಲ ಎರಡು ದಿನ ನನ್ನ ಶ್ರುತಿ ಸ್ವಲ್ಪ ಕೆಳಗೇ ಕೂರುತ್ತಿತ್ತು. ಹೆಡ್‌ಫೋನ್‌ನಲ್ಲಿ ವಾದ್ಯಗಳ ಸದ್ದು ಜೋರಾಗಿದ್ದರೆ ಹೀಗಾಗುವುದುಂಟು ಅಂತ ಇಂಜಿನಿಯರ್ ಹೇಳಿದರು. ‘ಒಂದು ಕಿವಿ ತೆಗೀರಿ ಮೇಡಂ’ ಎಂದರು. ಬಲಗಿವಿಯಿಂದ ಹೆಡ್‌ಫೋನ್ ಅರ್ಧ ಸರಿಸಿದೆ. ವಾದ್ಯಗಳನ್ನು ತಗ್ಗಿಸಿದರು. ಮೂರನೇ ದಿನಕ್ಕೆ ಶ್ರುತಿ ಸರಿಹೋಯಿತು. ಇಷ್ಟು ಸಣ್ಣ ವಿಷಯಕ್ಕೆ ನಾನು ಎರಡು ದಿನ ಅತ್ತಿದ್ದೆ. ನನಗೆ ಹಾಡಲು ಬರುವುದೇ ಇಲ್ಲವೇನೋ ಅನ್ನಿಸಿತ್ತು. ಸ್ಟುಡಿಯೋಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ವಾರ ಹೆಡ್‌ಫೋನ್ ಹಾಕಿಕೊಂಡು, ಫೋನ್‌ನಲ್ಲಿ ಕ್ಲಿಕ್ ಇಟ್ಟುಕೊಂಡು ಹಾಡಿ ಅಭ್ಯಾಸ ಮಾಡಿ. ದಯವಿಟ್ಟು ಮಾಡಿ.

ಮೈಕ್ ವಿಷಯದಲ್ಲಿ ನಾನೇ ಹಟ ಹಿಡಿದೆ. ಕಿವಿಯ ಹತ್ತಿರ ಬಂದು ಹೇಳಿದ ಹಾಗೆ ಕೇಳಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಮೈಕಿಗೆ ನಾಲ್ಕು ಬೆರಳು ದೂರದಲ್ಲಿ ನಿಂತು ಹಾಡಿದೆ. ಸ್ಟುಡಿಯೋದಲ್ಲಿ ದನಿಗೆ ಸಾಮಾನ್ಯವಾಗಿ ಬಳಸುವುದು ಕಾರ್ಡಿಯಾಯ್ಡ್ ಮೈಕ್, ಅಂದರೆ ಎದುರಿನಿಂದ ಬರುವ ದನಿಯನ್ನೇ ಹೆಚ್ಚಾಗಿ ಹಿಡಿಯುವ ಮೈಕ್. ಅದಕ್ಕೆ ಒಂದು ಗುಣವಿದೆ. ಹತ್ತಿರ ಹೋದಷ್ಟೂ ದನಿಯ ತಗ್ಗಿನ ಭಾಗವನ್ನು ಅದು ಹಿಗ್ಗಿಸುತ್ತದೆ. ದನಿ ದಪ್ಪವಾಗುತ್ತದೆ, ಬೆಚ್ಚಗಾಗುತ್ತದೆ. ಒಂದು ಹಾಡಿಗೆ ಅದು ಸೊಗಸು. ಹತ್ತು ಹಾಡನ್ನೂ ಅದೇ ಮೈಕಿನಲ್ಲಿ, ಅದೇ ದೂರದಲ್ಲಿ, ಅದೇ ಮೆಲುದನಿಯಲ್ಲಿ ಹಾಡಿದರೆ? ಹತ್ತಕ್ಕೂ ಒಂದೇ ಬಣ್ಣ ಬಳಿದ ಹಾಗಾಗುತ್ತದೆ. ಅವತ್ತು ಇದು ನನಗೆ ಗೊತ್ತಿರಲಿಲ್ಲ.

ಪ್ರತಿ ಹಾಡನ್ನೂ ಏಳೆಂಟು ಟೇಕ್ ಹಾಡಿದೆ. ಆಮೇಲೆ ಇಂಜಿನಿಯರ್ ಪಕ್ಕ ಕೂತು, ಈ ಟೇಕಿನಿಂದ ಪಲ್ಲವಿ, ಆ ಟೇಕಿನಿಂದ ಚರಣದ ಎರಡನೇ ಸಾಲು ಅಂತ ಆರಿಸಿ ಜೋಡಿಸಿದೆವು. ಎಲ್ಲಿ ದನಿ ನಡುಗಿತ್ತೋ ಅದು ಹೋಯಿತು. ಎಲ್ಲಿ ಉಸಿರು ಜೋರಾಗಿ ಕೇಳಿಸುತ್ತಿತ್ತೋ ಅದೂ ಹೋಯಿತು. ತಪ್ಪುಗಳನ್ನು ತೆಗೆಯುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ಹಾಡನ್ನು ಇನ್ನೊಂದರಿಂದ ಬೇರೆ ಮಾಡುತ್ತಿದ್ದ ಗುರುತುಗಳೂ ಜೊತೆಯಲ್ಲೇ ಹೋಗುತ್ತಿದ್ದವು.

ಮಿಕ್ಸಿಂಗ್, ಅಂದರೆ ದನಿ ಮತ್ತು ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ಮಾಡಿದವರು ಒಳ್ಳೆಯ ಕೆಲಸ ಮಾಡಿದರು. ಅದಾದ ಮೇಲೆ ಇಡೀ ಆಲ್ಬಂನ ಸದ್ದನ್ನು ಕೊನೆಯದಾಗಿ ಹದ ಮಾಡುವ ಮಾಸ್ಟರಿಂಗ್‌ನಲ್ಲಿ ಮಾತ್ರ ಒಂದು ತಪ್ಪು ನನ್ನದೇ. ಎಲ್ಲ ಹಾಡೂ ಒಂದೇ ಸಮ ಜೋರಾಗಿ ಕೇಳಬೇಕು ಅಂತ ನಾನೇ ಕೇಳಿಕೊಂಡೆ. ಮೆಲ್ಲಗಿದ್ದ ಮೂರು ಹಾಡುಗಳನ್ನು ಎತ್ತಿ ಉಳಿದವುಗಳ ಮಟ್ಟಕ್ಕೆ ತಂದರು. ಅದರ ಅಗತ್ಯವೇ ಇರಲಿಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಸುಮಾರು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದೇ ಕೇಳಿಸುತ್ತದೆ. ಆಲ್ಬಂ ಅನ್ನು ಸಾಲಾಗಿ ಕೇಳಿದರೆ ಇಡೀ ಆಲ್ಬಂಗೆ ಒಂದೇ ಅಳತೆ ಹಾಕಿ, ಹಾಡು ಹಾಡಿನ ನಡುವಿನ ಏರಿಳಿತವನ್ನು ಹಾಗೇ ಉಳಿಸುತ್ತದೆ. ಅಂದರೆ ಮೆಲ್ಲಗಿನ ಹಾಡು ಮೆಲ್ಲಗೇ ಇರಬಹುದಿತ್ತು.

ಬಿಡುಗಡೆಯ ದಿನ ಫೋನ್ ಕೈಯಿಂದ ಕೆಳಗಿಡಲಿಲ್ಲ. ಸ್ನೇಹಿತರು, ಬಂಧುಗಳು ಎಲ್ಲರೂ ‘ತುಂಬಾ ಚೆನ್ನಾಗಿದೆ’ ಎಂದರು. ಯಾವ ಹಾಡು ಅಂತ ಕೇಳಿದರೆ ಬಹಳ ಜನ ಮೊದಲನೆಯದು ಎಂದರು. ಕೆಲವರು ‘ಎಲ್ಲವೂ’ ಎಂದರು. ಎರಡನೇ ವಾರ ಅಂಕಿಅಂಶ ತೆರೆದು ನೋಡಿದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಮೊದಲ ಹಾಡಿನ ಸಂಖ್ಯೆ ದೊಡ್ಡದಿತ್ತು. ಎರಡು, ಮೂರು, ನಾಲ್ಕು ಅಂತ ಮೆಟ್ಟಿಲಿಳಿದಂತೆ ಇಳಿಯುತ್ತಾ ಹೋಗಿತ್ತು. ಇದು ಎಲ್ಲರಿಗೂ ಆಗುವುದೇ, ಬೇಜಾರು ಮಾಡಿಕೊಳ್ಳಬೇಡಿ ಅಂದರು ತಿಳಿದವರು. ಆದರೆ ಎಂಟನೇ ಹಾಡಿನಲ್ಲಿ ಸಂಖ್ಯೆ ಮತ್ತೆ ಮೇಲೆ ಹೋಗಿತ್ತು. ಎಂಟನೆಯದು ಅಷ್ಟೊಂದು ಒಳ್ಳೆಯ ಹಾಡೇನಲ್ಲ. ನನಗೇ ಅದರ ಮೇಲೆ ಅಂಥ ಪ್ರೀತಿ ಇರಲಿಲ್ಲ. ಯಾಕೆ ಹೀಗೆ ಅಂತ ಅರ್ಥವಾಗಲಿಲ್ಲ.

ಆಮೇಲೆ ಆ ವಿಮರ್ಶೆ ಬಂತು. ಮೊದಲು ಸಿಟ್ಟು ಬಂತು. ಇವರು ಸರಿಯಾಗಿ ಕೇಳಿಯೇ ಇಲ್ಲ ಅಂದುಕೊಂಡೆ. ಒಂದು ರಾತ್ರಿ ದೀಪ ಆರಿಸಿ, ನೆಲದ ಮೇಲೆ ಮಲಗಿ, ಆಲ್ಬಂ ಅನ್ನು ಮೊದಲಿಂದ ಕೊನೆಯವರೆಗೆ ಕೇಳಿದೆ. ಹಾಗೆ ಕೇಳಿದ್ದು ಅದೇ ಮೊದಲು. ಆರು ವರ್ಷದಲ್ಲಿ ಈ ಹತ್ತು ಹಾಡನ್ನು ನಾನು ಒಮ್ಮೆಯೂ ಒಂದರ ಹಿಂದೆ ಒಂದು ಹಾಡಿರಲಿಲ್ಲ, ಕೇಳಿಯೂ ಇರಲಿಲ್ಲ. ಒಂದೊಂದನ್ನೂ ಅದರದರ ರಾತ್ರಿಯಲ್ಲಿ, ಅದರದರ ನೋವಿನಲ್ಲಿ ಬರೆದಿದ್ದೆ. ನನಗೆ ಅವು ಹತ್ತು ಬೇರೆ ಬೇರೆ ಹಾಡುಗಳು. ಕೇಳುವವರಿಗೆ ಆ ರಾತ್ರಿಗಳು ಗೊತ್ತಿಲ್ಲ. ಅವರಿಗೆ ಸಿಗುವುದು ಸದ್ದು ಮಾತ್ರ. ಐದನೇ ಹಾಡಿಗೆ ಬಂದಾಗ ಎದ್ದು ಕೂತೆ. ಗೋಡೆಯ ಮೇಲಿದ್ದ ಹಾಳೆ ನೆನಪಾಯಿತು.

ಮಾರನೇ ದಿನ ನೋಟ್‌ಬುಕ್ ತೆಗೆದು ಒಂದು ಪಟ್ಟಿ ಮಾಡಿದೆ. ವೇಗ: ಹತ್ತರಲ್ಲಿ ಒಂಬತ್ತು 72ರಿಂದ 78ರ ಒಳಗೆ. ಗಿಟಾರ್: ಆರು ಹಾಡಿಗೆ ಜಿ ಕಾರ್ಡಿನ ಕೈ, ಎರಡನೇ ಮನೆಯಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್). ಅಂದರೆ ಆರೂ ಎ ಶ್ರುತಿಯವು. ಅದೇ ಆರು ಹಾಡಿನ ಪಲ್ಲವಿ ಮೇಲೆ ಹತ್ತಿ ನಿಲ್ಲುವುದು ಒಂದೇ ಸ್ವರದಲ್ಲಿ, ಅದು ಪಂಚಮ. ಸಾಲುಗಳು: ಎಲ್ಲ ಸಾಲೂ ತಾಳದ ಮೊದಲ ಪೆಟ್ಟು ಬಿದ್ದ ಮೇಲೆ, ಅರ್ಧ ಉಸಿರು ತಡೆದು ಶುರುವಾಗುತ್ತವೆ. ಪೆಟ್ಟಿನ ಜೊತೆಗೇ ಶುರುವಾಗುವ ಸಾಲು ಇಡೀ ಆಲ್ಬಂನಲ್ಲಿ ಎಂಟನೇ ಹಾಡಿನಲ್ಲಿ ಮಾತ್ರ ಇತ್ತು. ಈ ಕೊನೆಯದನ್ನು ಕಂಡುಹಿಡಿಯಲು ನನಗೆ ಮೂರು ದಿನ ಬೇಕಾಯಿತು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ವೇಗ ಬದಲಾಯಿಸಿದರೂ ಸಾಲು ಶುರುವಾಗುವ ಜಾಗ ಒಂದೇ ಆಗಿದ್ದರೆ, ಹಾಡುಗಳು ಒಂದೇ ತಾಯಿಯ ಮಕ್ಕಳಂತೆ ಕೇಳುತ್ತವೆ.

ಇದರ ಕಾರಣವೂ ಸಿಕ್ಕಿತು. ನಾನು ಬರೆಯುತ್ತಿದ್ದದ್ದು ರಾತ್ರಿ ಹೊತ್ತು, ಮನೆಯವರೆಲ್ಲ ಮಲಗಿದ ಮೇಲೆ. ಕುರ್ಚಿಯ ಅಂಚಿನಲ್ಲಿ ಕೂತು, ಹೆಬ್ಬೆರಳಿನಿಂದ ಮೆಲ್ಲಗೆ ತಂತಿ ಮೀಟುತ್ತಾ, ಪಿಸುದನಿಯಲ್ಲಿ. ಮೊದಲು ಕೈ ಆಡಲು ಶುರುವಾಗುತ್ತಿತ್ತು. ಮಾತು ಆಮೇಲೆ ಬರುತ್ತಿತ್ತು. ಅದಕ್ಕೇ ಪ್ರತಿ ಸಾಲೂ ಪೆಟ್ಟಿನ ಹಿಂದೆ ಬರುತ್ತದೆ. ಕೈ ಮುಂದೆ, ಮಾತು ಹಿಂದೆ. ಎಂಟನೇ ಹಾಡು ಮಾತ್ರ ಹಾಗೆ ಹುಟ್ಟಿದ್ದಲ್ಲ. ಅದನ್ನು ಗಿಟಾರ್ ಇಲ್ಲದೆ, ನಡೆದುಕೊಂಡು ಹೋಗುವಾಗ ಬಾಯಲ್ಲೇ ಕಟ್ಟಿದ್ದೆ. 104 ಅಂದರೆ ನನ್ನ ಹೆಜ್ಜೆಯ ವೇಗ. ಒಂದು ಹೆಜ್ಜೆಗೆ ಒಂದು ಪೆಟ್ಟು, ಹೆಜ್ಜೆಯ ಜೊತೆಗೇ ಮಾತು.

ಆ ದಿನಗಳಲ್ಲಿ ಬೇರೆಯವರ ಮೊದಲ ಆಲ್ಬಂಗಳ ಕಥೆಗಳನ್ನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು 1961ರ ನವೆಂಬರ್‌ನಲ್ಲಿ, ಎರಡು ದಿನದಲ್ಲಿ. ಅದರ 13 ಹಾಡುಗಳಲ್ಲಿ ಅವರೇ ಬರೆದದ್ದು ಎರಡೇ. 1962ರಲ್ಲಿ ಬಿಡುಗಡೆಯಾದಾಗ ಅದು ಹೆಚ್ಚು ಮಾರಾಟವಾಗಲಿಲ್ಲ. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಅವರ ಮೂರು ಆಲ್ಬಂಗಳನ್ನು ಅವರು ಬದುಕಿದ್ದಾಗ ಕೊಂಡವರು ಬಹಳ ಕಡಿಮೆ. ಇದನ್ನೆಲ್ಲ ಓದಿ ಸಮಾಧಾನವಾಯಿತು ಅಂತ ಹೇಳಲಾರೆ. ನನಗೆ ಬೇಕಿದ್ದದ್ದು ಸಮಾಧಾನವಲ್ಲ, ದಾರಿ. ಅದು ಸಿಕ್ಕಿದ್ದು ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ 1968ರ ಮೊದಲ ಆಲ್ಬಂನಲ್ಲಿ. ಅದು ಎಲ್‌ಪಿ, ಅಂದರೆ ಎರಡು ಮುಖದ ಗ್ರಾಮಫೋನ್ ತಟ್ಟೆಯ ಕಾಲ. ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದು ಸುಮಾರು 20 ನಿಮಿಷ. ಅವರು ಎರಡು ಮುಖಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಒಂದು ಮುಖದಲ್ಲಿ ನಗರಕ್ಕೆ ಬರುವುದು, ಇನ್ನೊಂದರಲ್ಲಿ ನಗರ ಬಿಟ್ಟು ಕಡಲ ಕಡೆಗೆ ಹೋಗುವುದು. ನಡುವೆ ಕೇಳುವವರು ಎದ್ದು ತಟ್ಟೆ ತಿರುಗಿಸಬೇಕು. ಆ ಸಣ್ಣ ಬಿಡುವು ಕೂಡ ಆಲ್ಬಂನ ಒಂದು ಭಾಗ. ನನ್ನ 41 ನಿಮಿಷದಲ್ಲಿ ಎಲ್ಲೂ ಅಂಥ ಬಿಡುವು ಇರಲಿಲ್ಲ. ಇದ್ದದ್ದು ಹಾಡುಗಳ ಸಾಲು ಅಷ್ಟೇ.

ಆ ಆಲ್ಬಂನ ಇನ್ನೊಂದು ಕಥೆ ನನಗೆ ತುಂಬಾ ಹತ್ತಿರದ್ದು. ಅದನ್ನು ಮಾಡಿಸಿದ ಗಾಯಕ ಡೇವಿಡ್ ಕ್ರಾಸ್ಬಿ, ತಂತಿಗಳ ಮಾರ್ದನಿ ಬರಲಿ ಅಂತ ಜೋನಿ ಅವರಿಂದ ಗ್ರ್ಯಾಂಡ್ ಪಿಯಾನೋದ ಒಳಕ್ಕೆ ಮುಖ ಮಾಡಿ ಹಾಡಿಸಿದರು. ಅದರಿಂದ ಟೇಪಿನಲ್ಲಿ ಸುಯ್ ಅನ್ನುವ ಸದ್ದು ಜಾಸ್ತಿಯಾಯಿತು. ಅದನ್ನು ತೆಗೆಯಲು ಹೋದಾಗ ದನಿಯ ಹೊಳಪೂ ಮಂಕಾಯಿತು. ನನ್ನ ಉಸಿರನ್ನೆಲ್ಲ ಕತ್ತರಿಸಿದ್ದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ಆಲ್ಬಂ ಹೊರಟುಹೋಗಿತ್ತು. ಅದನ್ನು ತಿದ್ದಲು ಆಗುವುದಿಲ್ಲ, ತಿದ್ದಬಾರದು ಅಂತಲೂ ನನಗೆ ಅನ್ನಿಸುತ್ತದೆ. ಆದರೆ ಹಾಡುಗಳು ನನ್ನ ಹತ್ತಿರವೇ ಇದ್ದವು. ಮುಂದಿನ ಕಾರ್ಯಕ್ರಮಗಳಲ್ಲಿ ಅವುಗಳನ್ನು ಬದಲಾಯಿಸುತ್ತಾ ಹೋದೆ. ಡ್ರಮ್ಸ್ ನುಡಿಸುವ ಹುಡುಗ ಒಂದು ದಿನ ಅಭ್ಯಾಸದ ನಡುವೆ, ‘ಅಕ್ಕಾ, ಐದನೇದನ್ನ ಸುಮ್ನೆ ಒಂದ್ಸಲ 92ರಲ್ಲಿ ಹಾಡಿ ನೋಡಿ’ ಎಂದ. ಹಾಡಿದೆ. ದೂರು ಹೇಳುವಂತೆ ಕೇಳುತ್ತಿದ್ದ ಹಾಡು ಜಗಳ ಆಡುವಂತೆ ಕೇಳಿಸಿತು. ಬರೆದಾಗ ನನ್ನೊಳಗೆ ಇದ್ದದ್ದು ಆ ಜಗಳವೇ. ರಾತ್ರಿಯಾಗಿದ್ದರಿಂದ ಪಿಸುಗುಟ್ಟಿದ್ದೆ. ಎರಡನೇ ಹಾಡಿನ ಕೇಪೋ ತೆಗೆದು ಕೆಳಗಿನ ಶ್ರುತಿಗೆ ಇಳಿಸಿದೆ. ಏಳನೆಯದನ್ನು ಗಿಟಾರ್ ಇಲ್ಲದೆ, ಬರೀ ದನಿಯಲ್ಲಿ, ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಹಾಡಲು ಶುರು ಮಾಡಿದೆ. ಜನ ಕಾರ್ಯಕ್ರಮ ಮುಗಿದ ಮೇಲೆ ಬಂದು, ಆ ಎರಡನೇ ಹಾಡು, ಆ ಏಳನೇ ಹಾಡು ಅಂತ ಬಿಡಿಬಿಡಿಯಾಗಿ ಹೇಳತೊಡಗಿದರು.

ಇಷ್ಟರಲ್ಲಿ ಒಂದು ಪತ್ರ ಬಂತು. ಬರೆದವರು ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು. ರಾತ್ರಿ ತಾಯಿಗೆ ನಿದ್ದೆ ಬರಲಿ ಅಂತ ಇಡೀ ಆಲ್ಬಂ ಅನ್ನು ಸಣ್ಣಗೆ ಹಾಕಿಡುತ್ತಾರಂತೆ. ‘ಎಲ್ಲೂ ಬೆಚ್ಚಿಬೀಳಿಸುವುದಿಲ್ಲ, ಅದಕ್ಕೇ ನಮಗಿಷ್ಟ. ಎಂಟನೆಯದನ್ನು ಮಾತ್ರ ದಾಟಿಸಿಬಿಡುತ್ತೇನೆ’ ಎಂದು ಬರೆದಿದ್ದರು. ವಿಮರ್ಶಕರು ಕೊರತೆ ಎಂದದ್ದೇ ಇಲ್ಲಿ ಒಬ್ಬರ ರಾತ್ರಿಯನ್ನು ಕಾಯುತ್ತಿತ್ತು. ಇಬ್ಬರೂ ಹೇಳಿದ್ದು ಒಂದೇ ವಿಷಯವನ್ನು. ಇಬ್ಬರಿಗೂ ನಾನು ಋಣಿ. ಆ ಸಮತಟ್ಟು ನಾನು ಬೇಕೆಂದು ಮಾಡಿದ್ದಾಗಿದ್ದರೆ ನನಗೆ ಬೇಸರವೇ ಇರುತ್ತಿರಲಿಲ್ಲ. ಅದು ನನಗೆ ತಿಳಿಯದೆ ಆಗಿತ್ತು, ನೋವಾಗಿದ್ದು ಅದಕ್ಕೆ.

ಈಗ ಎರಡನೇ ಆಲ್ಬಂ ತಯಾರಾಗುತ್ತಿದೆ. ಈ ಸಲ ಹಾಳೆಯನ್ನು ನಾನೇ ಬರೆದು ಮನೆಯ ಗೋಡೆಗೆ ಅಂಟಿಸಿದ್ದೇನೆ. ವೇಗ, ಶ್ರುತಿ, ಸಾಲು ಶುರುವಾಗುವ ಜಾಗ, ಪಲ್ಲವಿಯ ಮೇಲಿನ ಸ್ವರ, ಮೈಕಿನ ದೂರ ಎಲ್ಲಕ್ಕೂ ಒಂದೊಂದು ಅಂಕಣ. ಒಂಬತ್ತು ಹಾಡುಗಳಲ್ಲಿ ನಾಲ್ಕನ್ನು ನಡೆಯುತ್ತಾ ಕಟ್ಟಿದ್ದೇನೆ. ವಾರಕ್ಕೊಮ್ಮೆ ಒಂಬತ್ತನ್ನೂ ಸಾಲಾಗಿ, ನಡುವೆ ನಿಲ್ಲಿಸದೆ ಹಾಡಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳುತ್ತೇನೆ. ಆರನೆಯದರ ಕೊನೆಗೆ ಎಂಟು ಸೆಕೆಂಡ್ ಖಾಲಿ ಬಿಟ್ಟಿದ್ದೇನೆ, ತಟ್ಟೆ ತಿರುಗಿಸುವ ಬಿಡುವಿನ ಹಾಗೆ. ಅದಾದ ಮೇಲೆ ಬರುವ ಕೊನೆಯ ಮೂರು ಹಾಡುಗಳು ಆ ಪತ್ರ ಬರೆದವರಿಗಾಗಿ. ಪಿಸುದನಿಯಲ್ಲಿ, ಮೈಕಿಗೆ ನಾಲ್ಕು ಬೆರಳು ದೂರದಲ್ಲಿ ನಿಂತು ಹಾಡುತ್ತೇನೆ. ಹಾಳೆಯಲ್ಲಿ ಮೂರರ ಎದುರಿಗೂ 74 ಅಂತಲೇ ಬರೆದಿದ್ದೇನೆ.